ಕಿವಿಯಲ್ಲೇ ನೋಡುವ ನಾಟಕ

ಪಿಸ್ತೂಲು ಹಿಡಿದ ಕಳ್ಳ, ಹಣ ಬೇಕೋ ಪ್ರಾಣ ಬೇಕೋ ಎಂದು ಜಿಪುಣನನ್ನು ಕೇಳುತ್ತಾನೆ. ಉತ್ತರವೇ ಇಲ್ಲ! ಕಳ್ಳ ಮತ್ತೆ ಗದರಿದಾಗ, ಯೋಚಿಸುತ್ತಿದ್ದೇನೆ ಎಂದು ಜಿಪುಣ ಸಿಡುಕುತ್ತಾನೆ. 1948ರಲ್ಲಿ ಅಮೆರಿಕದ ರೇಡಿಯೊದಲ್ಲಿ ಜ್ಯಾಕ್ ಬೆನ್ನಿ ಹೀಗೆ ಬರೀ ಮೌನದಿಂದಲೇ ಜನರನ್ನು ನಗಿಸಿದರು.

ಟಿವಿ ಮನೆಮನೆಗೆ ಬರುವ ಮೊದಲು ಅಲ್ಲಿ ರೇಡಿಯೊ ನಾಟಕಗಳದ್ದೇ ಕಾರುಬಾರು. ‘ಫಿಬರ್ ಮೆಗೀ ಆ್ಯಂಡ್ ಮಾಲಿ’ಯಲ್ಲಿ ಗೋಡೆ ಬೀರುವಿನ ಬಾಗಿಲು ತೆಗೆದರೆ ಸಾಕು, ಸಾಮಾನೆಲ್ಲ ದಡಬಡನೆ ಉರುಳುತ್ತಿತ್ತು. 1949ರಲ್ಲಿ ಶುರುವಾದ ‘ಡ್ರ್ಯಾಗ್‌ನೆಟ್’ ಲಾಸ್ ಏಂಜಲೀಸ್ ಪೊಲೀಸರ ನಿಜ ಪ್ರಕರಣಗಳನ್ನು ಹೆಸರು ಬದಲಿಸಿ ಹೇಳಿತು. ‘ಸಸ್ಪೆನ್ಸ್’ ಸರಣಿಯ 1943ರ ನಾಟಕವೊಂದರಲ್ಲಿ, ಹಾಸಿಗೆ ಹಿಡಿದ ಹೆಂಗಸಿಗೆ ಫೋನಿನಲ್ಲಿ ಕೊಲೆಯ ಸಂಚು ಕೇಳಿಸಿಬಿಡುತ್ತದೆ!

ನನ್ನ ಕಣ್ಣು ಮಂಜಾಗಿದೆ. ಟಿವಿ ಮುಂದೆ ಕೂತರೆ, “ಅಜ್ಜೀ, ಈಗ ಅವನು ಒಳಗೆ ಬಂದ” ಎಂದು ಮೊಮ್ಮಗಳು ಹೇಳುತ್ತಲೇ ಇರಬೇಕು. ಪಾಪ, ಅವಳಿಗೂ ಬೇಸರ. ರೇಡಿಯೊ ನಾಟಕದಲ್ಲಿ ಆ ಕಷ್ಟವಿಲ್ಲ. ಕಳ್ಳನ ಮುಖ ಅವಳಿಗೂ ಕಾಣದು, ನನಗೂ ಕಾಣದು. ಅವರ ಇಂಗ್ಲಿಷ್ ನನಗೆ ತಿಳಿಯದ ಕಡೆ ಅವಳು ಬಿಡಿಸಿ ಹೇಳುತ್ತಾಳೆ. ಕೊಲೆಗಾರ ಯಾರೆಂದು ಊಹಿಸುವುದರಲ್ಲಿ ಮಾತ್ರ ಗೆಲುವು ಹೆಚ್ಚಾಗಿ ನನ್ನದೇ!

ಈ ಹಳೆಯ ಧ್ವನಿಮುದ್ರಣಗಳಲ್ಲಿ ಬಹಳಷ್ಟು ಈಗಲೂ ಅಂತರ್ಜಾಲದಲ್ಲಿ ಸಿಗುತ್ತವೆ. ಮಕ್ಕಳೇ, ತೆಂಗಿನ ಚಿಪ್ಪು ಬಡಿದರೆ ಕುದುರೆ ಓಡುತ್ತದೆ. ಕಾರ್ನ್‌ಫ್ಲೋರ್ ತುಂಬಿದ ಚೀಲ ಹಿಸುಕಿದರೆ ಹಿಮದ ಮೇಲೆ ಯಾರೋ ನಡೆದ ಸದ್ದು. ಆ ಕಾಲದ ಸ್ಟುಡಿಯೊಗಳ ಗುಟ್ಟು ಇದೇ. ದೀಪ ಆರಿಸಿ, ಅಜ್ಜ ಅಜ್ಜಿಯರ ಮುಂದೆ ನೀವೂ ಒಂದು ನಾಟಕ ಆಡಿ. ಅವರು ಏನೇನು ಕಂಡರು, ಕೇಳಿ ನೋಡಿ.