ಎವೆಯಿಕ್ಕದ ಕಣ್ಣು

ಮೊಬೈಲು ನೋಡಿ ಕಣ್ಣು ಉರಿದರೆ ಬೈಗುಳ ಬೀಳುವುದು ನೀಲಿ ಬೆಳಕಿಗೆ. ಅದನ್ನು ತಡೆಯುವ ಗಾಜೆಂದು ಕನ್ನಡಕದಂಗಡಿಗಳು ಇನ್ನಷ್ಟು ದುಡ್ಡು ಕೇಳುತ್ತವೆ. ಹಗಲಿನ ಆಕಾಶದಿಂದ ಕಣ್ಣಿಗಿಳಿಯುವ ನೀಲಿ ಬೆಳಕಿನ ಮುಂದೆ ಪರದೆಯದು ತೀರಾ ಅಲ್ಪ. ಅದುವರೆಗಿನ ಪ್ರಯೋಗಗಳನ್ನೆಲ್ಲ, ವೈದ್ಯಕೀಯ ಸಂಶೋಧನೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2023ರಲ್ಲಿ ಒಟ್ಟಿಗಿಟ್ಟು ನೋಡಿತು. ಇಂಥ ಗಾಜಿನಿಂದ ಆಯಾಸ ತಗ್ಗುತ್ತದೆ ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಆ ದುಡ್ಡು ಉಳಿಸಬಹುದು.

ಉರಿ ಹುಟ್ಟುವುದು ಹೆಚ್ಚಾಗಿ ರೆಪ್ಪೆಯ ಸೋಮಾರಿತನದಿಂದ. ಸುಮ್ಮನೆ ಕುಳಿತಾಗ ನಾವು ನಿಮಿಷಕ್ಕೆ 15ರಿಂದ 20 ಸಲ ರೆಪ್ಪೆ ಬಡಿಯುತ್ತೇವೆ. ಪರದೆಯಲ್ಲಿ ಮನಸ್ಸು ನೆಟ್ಟರೆ ಅದು ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಬಡಿದರೂ ಎಷ್ಟೋ ಸಲ ಅರೆಬರೆ. ಕಣ್ಣಿನ ಮೇಲೆ ಕಣ್ಣೀರಿನ ತೆಳು ಹೊದಿಕೆಯೊಂದು ಸದಾ ಇರುತ್ತದೆ: ತಳದಲ್ಲಿ ಲೋಳೆ, ನಡುವೆ ನೀರು, ಮೇಲೆ ಎಣ್ಣೆ. ರೆಪ್ಪೆಯಂಚಿನ ಮೀಬೋಮಿಯನ್ ಗ್ರಂಥಿಗಳಿಂದ ಈ ಎಣ್ಣೆ ಹೊರಬಂದು ಸರಿಯಾಗಿ ಹರಡಬೇಕಾದರೆ ರೆಪ್ಪೆಗಳೆರಡೂ ಪೂರ್ತಿ ಕೂಡಬೇಕು. ಎಣ್ಣೆ ತೆಳುವಾದರೆ ನೀರು ಬೇಗ ಆರಿ, ಮರಳು ಬಿದ್ದಂತೆ ಚುಚ್ಚುತ್ತದೆ. ಒಣಗಿ ಕೆರಳಿದ ಕಣ್ಣು ಬಳಬಳನೆ ನೀರು ಸುರಿಸುವುದೂ ಉಂಟು. ಅದಕ್ಕೇ ಅದು ಒಣಗಣ್ಣೆಂದರೆ ಯಾರೂ ನಂಬುವುದಿಲ್ಲ! ಪರದೆ ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಲಿ, ಆಗ ಕಣ್ಣು ಅಷ್ಟು ಅಗಲಿಸಬೇಕಿಲ್ಲ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬೇಡ.

ಮಕ್ಕಳ ವಿಷಯ ಬೇರೆ. ಅವರಲ್ಲಿ ಹಲವರಿಗೆ ಕಣ್ಣುಗುಡ್ಡೆಯೇ ಉದ್ದಕ್ಕೆ ಬೆಳೆದು ದೂರದ್ದು ಮಸುಕಾಗುತ್ತದೆ. ಪುಸ್ತಕವಾಗಲಿ ಫೋನಾಗಲಿ, ಹತ್ತಿರವಿಟ್ಟು ಹೊತ್ತುಗಟ್ಟಲೆ ನೋಡುವುದು ಇದಕ್ಕೆ ಇಂಬು. ಹೊರಗಿನ ಬೆಳಕು ತಡೆ. ಮಕ್ಕಳು ದಿನಕ್ಕೆ 2 ಗಂಟೆ ಬಯಲಿನಲ್ಲಿರಲೆಂದು ತೈವಾನ್ 2010ರಲ್ಲಿ ಶಾಲೆಗಳಲ್ಲಿ ಯೋಜನೆ ತಂದಿತು. ಅಲ್ಲಿಯವರೆಗೆ ಏರುತ್ತಲೇ ಇದ್ದ ದೃಷ್ಟಿ ಕುಂದಿದ ಮಕ್ಕಳ ಪ್ರಮಾಣ 2011ರಲ್ಲಿ ನೂರಕ್ಕೆ 50 ಮುಟ್ಟಿ, 2015ಕ್ಕೆ 46ಕ್ಕೆ ಇಳಿಯಿತು. ಇಳಿಕೆ ಚಿಕ್ಕದೇ, ಆದರೆ ದಿಕ್ಕು ತಿರುಗಿತು. ಆಟದ ಪಿರಿಯಡ್ಡನ್ನು ಗಣಿತಕ್ಕೆ ಎಳೆದುಕೊಳ್ಳುವ ಶಾಲೆಗಳಿಗೆ ಇದನ್ನು ಯಾರಾದರೂ ಹೇಳಬೇಕು.

ಊಟದ ಮಾತು ಬಂದರೆ ಎಲ್ಲರ ಬಾಯಲ್ಲೂ ಕ್ಯಾರೆಟ್ಟು. ‘ಎ’ ಜೀವಸತ್ವ ಸಾಲದೆ ಇರುಳುಗುರುಡು ಬರುವುದು ನಿಜ; ಮಕ್ಕಳಿಗೆ ಅದರ ಹನಿ ಕುಡಿಸುವ ಕಾರ್ಯಕ್ರಮ ನಮ್ಮ ದೇಶದಲ್ಲಿ 1970ರಲ್ಲೇ ಶುರುವಾಯಿತು. ಕೊರತೆ ತುಂಬಿದ ಮೇಲೆ ಎಷ್ಟು ಕ್ಯಾರೆಟ್ ತಿಂದರೂ ಕನ್ನಡಕ ಇಳಿಯುವುದಿಲ್ಲ. ನುಗ್ಗೆ, ಹರಿವೆಯಂಥ ಸೊಪ್ಪುಗಳಲ್ಲಿ ಆ ಸತ್ವದ ಮೂಲದ್ರವ್ಯದ ಜೊತೆಗೆ, ಅಕ್ಷಿಪಟದ ನಟ್ಟನಡುವೆ ಶೇಖರವಾಗುವ ಲ್ಯೂಟೀನ್ ಕೂಡ ಇದೆ. ಎರಡೂ ಮೈಗೆ ಹತ್ತಲು ಜಿಡ್ಡು ಬೇಕು, ಪಲ್ಯದ ಒಗ್ಗರಣೆಯೇ ಸಾಕು.

ಇವತ್ತಿನ ದೊಡ್ಡ ಭಯ ಸಕ್ಕರೆ ಕಾಯಿಲೆಯದು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಅಕ್ಷಿಪಟದ ಸಣ್ಣ ರಕ್ತನಾಳಗಳು ಸೋರತೊಡಗುತ್ತವೆ. ಮೊದಮೊದಲು ನೋವಿಲ್ಲ, ಮಬ್ಬೂ ಇಲ್ಲ. ಗೋಡೆಯ ಮೇಲಿನ ಅಕ್ಷರ ಓದಿಸಿದರೆ ಇದು ಸಿಕ್ಕುವುದಿಲ್ಲ. ವರ್ಷಕ್ಕೊಮ್ಮೆ ವೈದ್ಯರು ಅಕ್ಷಿಪಟವನ್ನೇ ನೋಡಬೇಕು, ಸಾಮಾನ್ಯವಾಗಿ ಹನಿ ಹಾಕಿ ಪಾಪೆ ಹಿಗ್ಗಿಸಿ.