ನಮ್ಮೂರಲ್ಲಿ ಸಮುದ್ರ ಇಲ್ಲ, ಆದ್ರೂ ಟ್ರೇಲರ್ ಬ್ರೇಕ್ ಉಪ್ಪಿಗೆ ಹಾಳಾಗ್ತಿದೆ! ಯಾಕೆ? ಏನ್ ಮಾಡ್ಬೇಕು?

ಲಕ್ಕವಳ್ಳಿ: ಮಲ್ಪೆ, ಮಂಗಳೂರು ಕಡೆ ದೋಣಿ ಎಳೆಯೋ ಟ್ರೇಲರ್ ಇಟ್ಟುಕೊಂಡವರಿಗೆ ಒಂದು ತಲೆನೋವು ತಪ್ಪಿದ್ದಲ್ಲ. ದೋಣಿ ಇಳಿಸೋಕೆ ಟ್ರೇಲರನ್ನ ಉಪ್ಪುನೀರಿಗೆ ಬಿಟ್ಟರೆ ಮುಗೀತು, ಬ್ರೇಕ್ ತುಕ್ಕು ಹಿಡಿದು ಕೂರುತ್ತೆ. ನಮಗೇನು, ನಮ್ಮದು ಭದ್ರೆಯ ಸಿಹಿನೀರು ಅಂದುಕೊಂಡರೆ ಅದು ತಪ್ಪು. ಡ್ಯಾಂನ ನೀರಲ್ಲಿ ಉಪ್ಪಿಲ್ಲ, ನಿಜ. ಆದ್ರೆ ನಮ್ಮ ಟ್ರ್ಯಾಕ್ಟರ್ ಟ್ರೇಲರ್ ಮೇಲೆ ವರ್ಷಕ್ಕೆ ಎಷ್ಟು ಉಪ್ಪು ಓಡಾಡುತ್ತೆ ಅಂತ ಲೆಕ್ಕ ಹಾಕಿದ್ದೀರಾ?

ಈ ವಿಷಯ ಬರೆಯೋಕೆ ಒಂದು ಕಾರಣ ಇದೆ. ಅದನ್ನೇ ಮೊದಲು ಹೇಳ್ತೀನಿ.

ಇಳಿಜಾರಲ್ಲಿ ಆಗಿದ್ದೇನು?

ಅಡಿಕೆ ಕೊಯ್ಲಿನ ಟೈಮು. ನಮ್ಮ ಚಿಕ್ಕಪ್ಪ ತೋಟದಿಂದ ಹಸಿ ಗೊನೆ ತುಂಬಿಕೊಂಡು ಬರ್ತಿದ್ರು. ಲೋಡ್ ಮೇಲೆ ಇಬ್ಬರು ಕೂತಿದ್ದರು. ಇಳಿಜಾರಲ್ಲಿ ಬ್ರೇಕ್ ಒತ್ತಿದಾಗ ಟ್ರ್ಯಾಕ್ಟರ್ ನಿಂತಿತು, ಹಿಂದಿನ ಟ್ರೇಲರ್ ನಿಲ್ಲಲಿಲ್ಲ. ಲೋಡೆಲ್ಲಾ ಸೇರಿ ಟ್ರ್ಯಾಕ್ಟರನ್ನ ಹಿಂದಿನಿಂದ ತಳ್ಳಿ, ಪಕ್ಕಕ್ಕೆ ತಿರುಗಿಸಿ, ತೋಟದ ಬದುವಿಗೆ ಗುದ್ದಿಸಿತು. ಮೇಲಿದ್ದ ಇಬ್ಬರೂ ಹಾರಿಕೊಂಡರು. ಒಬ್ಬರ ಕೈ ಮಣಿಕಟ್ಟು ಮುರಿಯಿತು. ಬದು ಇರದೆ ಹೋಗಿದ್ದರೆ ನಾನು ಈ ಲೇಖನ ಬರೆಯೋ ಬದಲು ಬೇರೆಯದೇ ಸುದ್ದಿ ಬರೀಬೇಕಿತ್ತು.

ಆಮೇಲೆ ಟ್ರೇಲರ್ ಅಡಿಗೆ ಮಲಗಿ ನೋಡಿದ್ವಿ. ಬ್ರೇಕ್ ಆಯಿಲ್ ಹೋಗೋ ಕಬ್ಬಿಣದ ಪೈಪು ಕ್ಲಿಪ್ ಹಾಕಿದ್ದ ಜಾಗದಲ್ಲೇ ತುಕ್ಕು ತಿಂದು ತೂತಾಗಿತ್ತು. ಕ್ಲಿಪ್ ಸುತ್ತ ಗಟ್ಟಿಯಾದ ಮಣ್ಣು, ಅದರೊಳಗೆ ಬಿಳಿ-ಕೆಂಪು ಹರಳು. ಅದು ಪೊಟ್ಯಾಷ್! ಹಿಂದಿನ ಮಳೆಗಾಲದಲ್ಲಿ ಹರಿದ ಮೂಟೆಯಿಂದ ಸುರಿದಿದ್ದು. ಯಾರೂ ತೊಳೆದಿರಲಿಲ್ಲ.

ನಮ್ಮ ಕಡೆ ಉಪ್ಪು ಎಲ್ಲಿಂದ ಬಂತು?

ಅಡಿಗೆಗೆ ಹಾಕೋ ಉಪ್ಪು ಸೋಡಿಯಂ ಕ್ಲೋರೈಡ್. ತೋಟಕ್ಕೆ ಹಾಕೋ ಪೊಟ್ಯಾಷ್, ಅಂದ್ರೆ ಎಂಒಪಿ, ಪೊಟ್ಯಾಸಿಯಂ ಕ್ಲೋರೈಡ್. ಎರಡರಲ್ಲೂ ಇರೋ ಕ್ಲೋರೈಡ್ ಕಬ್ಬಿಣದ ಶತ್ರು. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತೆ. ಒಂದು ಹಿಡಿ ಪೊಟ್ಯಾಷ್ ಒಂದು ಲೀಟರ್ ನೀರಲ್ಲಿ ಕರಗಿದರೆ ಅದೂ ಸಮುದ್ರದ ನೀರಿನಷ್ಟೇ ಉಪ್ಪು ಅಂತ ತಿಳ್ಕೊಳ್ಳಿ.

ಲೆಕ್ಕ ನೋಡಿ. ಅಡಿಕೆ ಮರ ಒಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಅನ್ನೋದು ಶಿಫಾರಸು. ಎಂಒಪಿಯಲ್ಲಿ ಶೇ. 60ರಷ್ಟು ಪೊಟ್ಯಾಷ್ ಇರೋದ್ರಿಂದ ಮರಕ್ಕೆ ಸುಮಾರು 233 ಗ್ರಾಂ ಎಂಒಪಿ ಬೇಕು. ಎಕರೆಗೆ 550 ಮರ ಹಿಡಿದರೆ 128 ಕೆ.ಜಿ. ಅಂದ್ರೆ 50 ಕೆ.ಜಿ.ಯ ಎರಡೂವರೆ ಮೂಟೆ. ನಾಲ್ಕೆಕರೆ ತೋಟ ಇದ್ದವರ ಟ್ರೇಲರ್ ಮೇಲೆ ವರ್ಷಕ್ಕೆ ಅರ್ಧ ಟನ್ ಉಪ್ಪು ಬಂದು ಹೋಗುತ್ತೆ! ಅದರಲ್ಲಿ ಒಂದು ಮೂಟೆ ಹರಿದರೂ ಸಾಕು. ಯೂರಿಯಾ, ಪೊಟ್ಯಾಷ್ ಎರಡೂ ಮಳೆಗಾಲದ ಗಾಳಿಯಿಂದಲೇ ತೇವ ಎಳೆದುಕೊಂಡು ನೀರಾಗುತ್ತವೆ. ಮಲೆನಾಡ ಮಳೆ ಗೊತ್ತಲ್ಲ, ಒಣಗೋ ಮಾತೇ ಇಲ್ಲ.

ಇನ್ನೊಂದು ಬೋರ್ಡೋ. ಕೊಳೆ ಔಷಧಿ ಹೊಡೆಯೋ ಟೈಮಲ್ಲಿ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು ಅನ್ನೋ ಲೆಕ್ಕ ನಿಮಗೆ ಗೊತ್ತಿರೋದೇ. ದ್ರಾವಣ ಸರಿಯಾಗಿದೆಯಾ ಅಂತ ನೋಡೋಕೆ ಕತ್ತಿನೋ ಬ್ಲೇಡೋ ಅದ್ದುತ್ತೇವೆ. ಕೆಂಪಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಆ ಕೆಂಪು ಸುಮ್ನೆ ಬಂದಿದ್ದಲ್ಲ. ತಾಮ್ರ ಬಂದು ಕೂತ ಜಾಗದಿಂದ ಕಬ್ಬಿಣ ಕರಗಿ ನೀರಿಗೆ ಹೋಗಿರುತ್ತೆ. ಸುಣ್ಣ ಸೇರಿಸೋ ಮೊದಲು ತುತ್ತದ ನೀರು ಟ್ರೇಲರ್ ಮೇಲೆ ಚೆಲ್ಲಿದರೆ ಬ್ರೇಕ್ ಪೈಪಿಗೂ ಡ್ರಮ್ಮಿಗೂ ಅದೇ ಗತಿ.

ಇದಲ್ಲದೆ ಘಟ್ಟದ ಕೆಳಗಿಂದ ಮೀನು ತರೋ ಗಾಡಿ ಇಟ್ಟವರು, ಆ ಗಾಡಿಯ ಬಾಡಿಗೆ ಹಿಡಿಯೋರು ಕೂಡ ಇದನ್ನ ಓದಬೇಕು. ಐಸ್ ಕರಗಿ ಸೋರೋ ಉಪ್ಪು ನೀರು ನೇರ ಹಿಂದಿನ ಆಕ್ಸಲ್ ಮೇಲೆ ಬೀಳುತ್ತೆ.

ಬ್ರೇಕ್ ಒಳಗೆ ಏನಾಗುತ್ತೆ?

ನಮ್ಮ ಕಡೆಯ ಬಹುತೇಕ ಟ್ರೇಲರ್‌ಗಳಲ್ಲಿ ಇರೋದು ಡ್ರಮ್ ಬ್ರೇಕ್. ದುಂಡನೆ ಡ್ರಮ್ಮಿನ ಒಳಗೆ ಎರಡು ಶೂ, ಶೂ ಮೇಲೆ ಲೈನರ್. ಪೆಡಲ್ ಒತ್ತಿದಾಗ ಆಯಿಲ್ ಒತ್ತಡಕ್ಕೆ ವೀಲ್ ಸಿಲಿಂಡರ್ ಶೂಗಳನ್ನ ಅಗಲ ಮಾಡುತ್ತೆ, ಲೈನರ್ ಡ್ರಮ್ಮಿಗೆ ಉಜ್ಜಿ ಗಾಲಿ ನಿಲ್ಲುತ್ತೆ. ಪೆಡಲ್ ಬಿಟ್ಟಾಗ ಸ್ಪ್ರಿಂಗ್ ಶೂಗಳನ್ನ ವಾಪಸ್ ಎಳೆಯುತ್ತೆ.

ಡ್ರಮ್ಮು ಒಂದು ಬಟ್ಟಲು ಇದ್ದಂಗೆ. ಒಳಗೆ ಹೋದ ನೀರು, ಕೆಸರು ಬೇಗ ಹೊರಗೆ ಬರಲ್ಲ. ಉಪ್ಪು ಸೇರಿದರೆ ಸ್ಪ್ರಿಂಗ್ ತುಂಡಾಗುತ್ತೆ, ಅಡ್ಜಸ್ಟರ್ ಬಿಗಿಯುತ್ತೆ, ವೀಲ್ ಸಿಲಿಂಡರ್ ಪಿಸ್ಟನ್ ಕಚ್ಚಿಕೊಳ್ಳುತ್ತೆ. ಆಮೇಲೆ ಎರಡರಲ್ಲಿ ಒಂದು ಆಗುತ್ತೆ. ಬ್ರೇಕ್ ಹಿಡಿಯೋದೇ ಇಲ್ಲ. ಇಲ್ಲಾ, ಹಿಡಿದ ಬ್ರೇಕ್ ಬಿಡೋದಿಲ್ಲ. ಎರಡನೆಯದರಲ್ಲಿ ಡ್ರಮ್ ಕಾದು ಗ್ರೀಸ್ ಕರಗಿ ಬೇರಿಂಗ್ ಹೋಗುತ್ತೆ. ಒಂದು ಗಾಲಿ ಮಾತ್ರ ಹಿಡಿದರೆ ಟ್ರೇಲರ್ ಒಂದು ಕಡೆಗೆ ಎಳೆಯುತ್ತೆ.

ಬಿಸಿ ಹಬ್ಬು, ತಣ್ಣನೆ ನೀರು

ಇದು ದೋಣಿ ಟ್ರೇಲರ್‌ನವರು ಕಲಿತ ಪಾಠ, ನಮಗೂ ಬೇಕು. ರೋಡಲ್ಲಿ ಓಡಿ ಬಂದ ಟ್ರೇಲರ್‌ನ ಹಬ್ಬು ಬಿಸಿಯಾಗಿರುತ್ತೆ. ಹಂಗೇ ಹಳ್ಳಕ್ಕೋ ಹಿನ್ನೀರಿಗೋ ಇಳಿಸಿದರೆ ಒಳಗಿನ ಗಾಳಿ ತಟ್ಟನೆ ತಣ್ಣಗಾಗಿ ಕುಗ್ಗುತ್ತೆ. ಆ ಜಾಗ ತುಂಬೋಕೆ ಆಯಿಲ್ ಸೀಲ್ ಸಂದಿಯಿಂದ ನೀರು ಒಳಗೆ ಎಳೆದುಕೊಳ್ಳುತ್ತೆ. ಬೇರಿಂಗ್ ಗ್ರೀಸು ಹಾಲಿನಂಗೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ ಅಂತಲೇ ಲೆಕ್ಕ. ಅದಕ್ಕೆ ನೀರಿಗೆ ಇಳಿಸೋ ಮೊದಲು ಅರ್ಧ ಗಂಟೆ ನಿಲ್ಲಿಸಿ. ಕೈ ಮುಟ್ಟಿದರೆ ಬಿಸಿ ಇರಬಾರದು.

ತೊಳೆಯೋದು ಹೇಗೆ?

ಗೊಬ್ಬರ, ತುತ್ತ, ಮೀನು ಯಾವುದೇ ಹೇರಿದ್ದರೂ ಲೋಡ್ ಇಳಿಸಿದ ದಿನವೇ ತೊಳೀಬೇಕು. ನಾಳೆ ಅಂತ ಬಿಟ್ಟರೆ ಉಪ್ಪು ಒಣಗಿ ಅಂಟಿಕೊಳ್ಳುತ್ತೆ. ಮೊದಲು ಪೊರಕೆಯಲ್ಲಿ ಒಣ ಗೊಬ್ಬರ ಗುಡಿಸಿ, ಆಮೇಲೆ ನೀರು ಬಿಡಿ. ಮೇಲಿನ ಹಲಗೆ ಹೊಳೆದರೆ ಸಾಲದು. ಅಡಿಯ ಆಕ್ಸಲ್, ಪೈಪಿನ ಕ್ಲಿಪ್ಪು, ಡ್ರಮ್ಮಿನ ಹಿಂದಿನ ಪ್ಲೇಟು, ಪಟ್ಟಾ ಸಂದಿ ಇವಕ್ಕೆ ನೀರು ಹೋಗಬೇಕು. ಸರ್ವೀಸ್ ಪಂಪಿನ ಜೋರು ನೀರನ್ನ ಆಯಿಲ್ ಸೀಲ್‌ಗೆ ನೇರ ಹಿಡೀಬೇಡಿ, ನೀವೇ ನೀರು ಒಳಗೆ ನುಗ್ಗಿಸಿದಂಗೆ.

ಚಾನಲ್‌ಗೆ ಇಳಿಸಿ ತೊಳೆಯೋದು ಬೇಡ. ಆ ನೀರನ್ನೇ ಕೆಳಗಿನವರು ಬಳಸ್ತಾರೆ. ಏರಿ ಮೇಲೆ ಬ್ರೇಕ್ ಇಲ್ಲದ ಟ್ರೇಲರ್ ಹಿಂದಕ್ಕೆ ಜಾರಿದರೆ ಟ್ರ್ಯಾಕ್ಟರ್ ಸಮೇತ ನೀರಿಗೆ.

ತೊಳೆದ ಮೇಲೆ ನಿಧಾನಕ್ಕೆ ಓಡಿಸ್ತಾ ನಾಲ್ಕೈದು ಸಲ ಬ್ರೇಕ್ ಒತ್ತಿ. ಲೈನರ್ ಬಿಸಿಯಾಗಿ ಒಣಗುತ್ತೆ. ಒದ್ದೆ ಲೈನರ್ ಸರಿಯಾಗಿ ಹಿಡಿಯಲ್ಲ.

ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಹ್ಯಾಂಡ್ ಬ್ರೇಕ್ ಹಾಕಿಡಬೇಡಿ. ಲೈನರ್ ಡ್ರಮ್ಮಿಗೆ ಕಚ್ಚಿಕೊಳ್ಳುತ್ತೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಗಾಲಿಗೆ ಎರಡೂ ಕಡೆ ಕಲ್ಲು ಕೊಡಿ.

ಬಿಚ್ಚಿ ನೋಡುವಾಗ

ಮಳೆಗಾಲ ಮುಗಿದ ಮೇಲೆ, ಕೊಯ್ಲು ಶುರುವಾಗೋ ಮೊದಲು ಒಂದು ಸಲ ಬಿಚ್ಚಿಸಲೇಬೇಕು. ಲೋಡ್ ಖಾಲಿ ಇರಲಿ. ಬೇರೆ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕ್ ಹಾಕಿ, ಆಕ್ಸಲ್ ಅಡಿಗೆ ಗಟ್ಟಿ ಮರದ ದಿಮ್ಮಿ ಇಡಿ. ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ.

1. ಗಾಲಿ ತಿರುಗಿಸಿ. ಕರಕರ ಸದ್ದು ಬಂದರೆ ಬೇರಿಂಗ್ ನೋಡಿ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಆಟ ಇದ್ದರೆ ಬಿಗಿ ಮಾಡಬೇಕು, ಇಲ್ಲಾ ಬದಲಾಯಿಸಬೇಕು.

2. ಡ್ರಮ್ ತೆಗೆದ ಮೇಲೆ ಧೂಳನ್ನ ಏರ್ ಹಿಡಿದು ಊದಬೇಡಿ. ಹಳೆ ಲೈನರ್‌ಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿ.

3. ಲೈನರ್ ಸವೆದು ರಿವೆಟ್ ತಲೆ ಹತ್ತಿರ ಬಂದಿದ್ದರೆ, ಬಿರುಕು ಬಿಟ್ಟಿದ್ದರೆ, ಗ್ರೀಸ್ ಕುಡಿದಿದ್ದರೆ ಬದಲಾಯಿಸಿ. ಗ್ರೀಸ್ ಕುಡಿದ ಲೈನರನ್ನ ಡೀಸೆಲ್‌ನಲ್ಲಿ ತೊಳೆದರೆ ಸರಿಹೋಗಲ್ಲ, ಇನ್ನೂ ಕೆಡುತ್ತೆ.

4. ವೀಲ್ ಸಿಲಿಂಡರ್‌ನ ರಬ್ಬರ್ ಟೋಪಿ ಎತ್ತಿ ನೋಡಿ. ಒಳಗೆ ಒದ್ದೆ ಇದ್ದರೆ ಲೀಕ್ ಶುರುವಾಗಿದೆ.

5. ಕಬ್ಬಿಣದ ಪೈಪನ್ನ ಪ್ರತಿ ಕ್ಲಿಪ್ ಬಿಚ್ಚಿ ಉಜ್ಜಿ ನೋಡಿ. ಮೇಲ್ಮೈ ತುಕ್ಕು ಬೇರೆ, ಗುಳಿ ಬಿದ್ದಿದ್ದು ಬೇರೆ. ಗುಳಿ ಇದ್ದರೆ ಆ ಪೈಪು ಪೂರ್ತಿ ಹೊಸದು ಹಾಕಿ. ವೆಲ್ಡಿಂಗ್, ಎಂಸೀಲ್ ಇಲ್ಲಿ ನಡೆಯಲ್ಲ. ನಾವು ಇದೊಂದನ್ನ ನೋಡಿದ್ದರೆ ಆ ಕೈ ಮುರೀತಿರಲಿಲ್ಲ.

ಬದಲಾಯಿಸುವಾಗ

ಒಂದು ಗಾಲಿಯ ಲೈನರ್ ಮಾತ್ರ ಹಾಕಿಸಬೇಡಿ. ಒಂದೇ ಆಕ್ಸಲ್‌ನ ಎರಡೂ ಕಡೆ ಒಟ್ಟಿಗೆ ಹಾಕಿಸಿ, ಇಲ್ಲದಿದ್ರೆ ಒಂದು ಕಡೆ ಎಳೆಯುತ್ತೆ. ಲೈನರ್ ಜೊತೆ ಸ್ಪ್ರಿಂಗ್, ಆಯಿಲ್ ಸೀಲ್ ಕೂಡ ಹೊಸದಿರಲಿ. ಅವುಗಳ ಖರ್ಚು ಹೆಚ್ಚೇನಲ್ಲ.

ಆಯಿಲ್ ಪೈಪು ಬಿಚ್ಚಿದ್ದರೆ ಏರ್ ತೆಗೀಲೇಬೇಕು. ಮಾಸ್ಟರ್ ಸಿಲಿಂಡರ್‌ನಿಂದ ದೂರ ಇರೋ ಗಾಲಿಯಿಂದ ಶುರು ಮಾಡಿ. ಒಬ್ಬರು ಪೆಡಲ್ ಒತ್ತಿ ಹಿಡೀಬೇಕು, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ ಗುಳ್ಳೆ ಬಿಟ್ಟು ಬಿಗಿ ಮಾಡಬೇಕು, ಆಮೇಲೆ ಪೆಡಲ್ ಬಿಡಬೇಕು. ಗುಳ್ಳೆ ನಿಲ್ಲೋವರೆಗೂ ಹೀಗೇ. ಮಧ್ಯೆ ಡಬ್ಬಿಯಲ್ಲಿ ಆಯಿಲ್ ಖಾಲಿಯಾದರೆ ಮೊದಲಿಂದ ಶುರು.

ಕೊನೆಗೆ ಅಡ್ಜಸ್ಟರ್ ಬಿಗಿ ಮಾಡ್ತಾ ಹೋಗಿ, ಗಾಲಿ ನಿಂತ ಮೇಲೆ ಸ್ವಲ್ಪ ಸಡಿಲಿಸಿ. ಗಾಲಿ ಸಲೀಸಾಗಿ ತಿರುಗಬೇಕು, ಲೈನರ್ ಲಘುವಾಗಿ ಸವರಿದ ಸದ್ದು ಬಂದರೆ ಸರಿ.

ಬ್ರೇಕ್ ಆಯಿಲ್ ಕೂಡ ನೀರು ಕುಡಿಯುತ್ತೆ!

ಡಾಟ್ 3, ಡಾಟ್ 4 ಅಂತ ಬರೋ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ಮಾನದಂಡ. ನೀರು ಹೀರಿದ ಮೇಲೆ ಅದೇ 140ಕ್ಕೆ ಇಳಿಯುತ್ತೆ. ಇಳಿಜಾರಲ್ಲಿ ಬ್ರೇಕ್ ಕಾದು ಆಯಿಲ್ ಕುದ್ದರೆ ಆವಿಯ ಗುಳ್ಳೆ ಆಗಿ ಪೆಡಲ್ ಪುಸ್ ಅನ್ನುತ್ತೆ. ಅದೇ ನೀರು ಒಳಗಿಂದ ಪೈಪಿಗೆ ತುಕ್ಕನ್ನೂ ತರುತ್ತೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಬಾಯಿ ತೆರೆದಿಟ್ಟ ಹಳೆ ಬಾಟಲಿ ಬಳಸಬೇಡಿ. ಡಾಟ್ ಆಯಿಲ್ ಬೇಕಾದ ಕಡೆ ಇಂಜಿನ್ ಆಯಿಲ್ ಹಾಕಿದರೆ ರಬ್ಬರ್ ಊದಿಕೊಂಡು ಪೂರ್ತಿ ಸಿಸ್ಟಮ್ ಹೋಗುತ್ತೆ. ಮುಚ್ಚಳದ ಮೇಲೆ ಏನು ಬರೆದಿದೆಯೋ ಅದನ್ನೇ ಹಾಕಿ.

ದೋಣಿ ಟ್ರೇಲರ್ ತಗೊಳ್ಳೋರಿಗೆ

ದೋಣಿ ಎಳೆಯೋ ಟ್ರೇಲರ್‌ಗಳಲ್ಲಿ ಹಲವಕ್ಕೆ ಪೆಡಲ್ ಕನೆಕ್ಷನ್ ಇರಲ್ಲ. ಮುಂದಿನ ಗಾಡಿ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ತಳ್ಳುತ್ತಲ್ಲ, ಆ ತಳ್ಳುವಿಕೆಯೇ ಕೊಂಡಿಯಲ್ಲಿರೋ ಮಾಸ್ಟರ್ ಸಿಲಿಂಡರನ್ನ ಒತ್ತಿ ಬ್ರೇಕ್ ಹಾಕುತ್ತೆ. ರಿವರ್ಸ್ ತಗೊಳ್ಳುವಾಗ ಬ್ರೇಕ್ ಹಿಡಿಯದಂತೆ ಲಾಕ್ ಇದೆಯಾ ಕೇಳಿ. ಉಪ್ಪುನೀರಿಗೆ ಇಳಿಯೋದಾದ್ರೆ ಡ್ರಮ್ಮಿಗಿಂತ ಡಿಸ್ಕ್ ಒಳ್ಳೇದು. ನೀರು ನಿಲ್ಲಲ್ಲ, ತೊಳೆಯೋದು ಸುಲಭ. ಡ್ರಮ್ಮೇ ಆದ್ರೆ ಸತುವಿನ ಲೇಪ ಇರೋದು ಬಾಳಿಕೆ ಬರುತ್ತೆ.

ರೋಡಿಗೆ ಇಳಿಯೋ ಮುಂಚೆ

ಎಷ್ಟೋ ಟ್ರೇಲರ್‌ಗಳಲ್ಲಿ ಬ್ರೇಕ್ ಪೈಪನ್ನ ಟ್ರ್ಯಾಕ್ಟರ್‌ಗೆ ಜೋಡಿಸದೆ ತಂತಿಯಲ್ಲಿ ಕಟ್ಟಿಟ್ಟಿರ್ತಾರೆ. ಜೋಡಿಸಿ. ಟ್ರ್ಯಾಕ್ಟರ್‌ನ ಎಡ-ಬಲ ಎರಡು ಬ್ರೇಕ್ ಪೆಡಲ್‌ಗಳನ್ನ ರೋಡಲ್ಲಿ ಲಾಕ್ ಹಾಕಿ ಒಂದು ಮಾಡಿ. ಇಳಿಜಾರಲ್ಲಿ ನ್ಯೂಟ್ರಲ್ ಬೇಡ, ಮೇಲಿಂದಲೇ ಚಿಕ್ಕ ಗೇರಲ್ಲಿ ಇಳೀರಿ. ಟ್ರೇಲರಲ್ಲಿ ಜನ ಕೂರಿಸೋದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಜಾತ್ರೆ ಇರಲಿ, ಮದುವೆ ಇರಲಿ, ಅಡಿಕೆ ಸುಲಿಯೋಕೆ ಹೋಗೋ ಹೆಂಗಸರಿರಲಿ.

ಚಿಕ್ಕಪ್ಪನ ಟ್ರೇಲರ್‌ಗೆ ಈಗ ಹೊಸ ಪೈಪು ಬಂದಿದೆ. ಗೊಬ್ಬರ ಇಳಿಸಿದ ದಿನ ಅವರೇ ಪೈಪ್ ಹಿಡಿದು ಅಡಿಗೆ ನೀರು ಬಿಡ್ತಾರೆ. ಮಣಿಕಟ್ಟು ಮುರಿದುಕೊಂಡವರು ಮಾತ್ರ ಇನ್ನೂ ಭಾರ ಎತ್ತಲ್ಲ, ಈ ಸಲದ ಕೊಯ್ಲಿಗೂ ಬರಲಿಲ್ಲ. ನಿಮ್ಮ ಟ್ರೇಲರ್ ಮನೆ ಮುಂದೆಯೇ ನಿಂತಿದೆಯಾ? ಇವತ್ತು ಸಂಜೆ ಟಾರ್ಚ್ ಹಿಡಿದು ಒಂದು ಸಲ ಅಡಿಗೆ ಬಗ್ಗಿ ನೋಡಿ.