ಕಷ್ಟಕ್ಕೆ ಕಟ್ಟುವ ಬೆಲೆ: ಪರದೇಶದ ನೌಕರಿ ಮತ್ತು ನಗರಗಳ ಅಂಕಪಟ್ಟಿ

ಜಗತ್ತಿನಲ್ಲಿ ಬಾಳಲು ಅತ್ಯುತ್ತಮವಾದ ನಗರ ಯಾವುದು ಎಂದು ಸಾರುವ ಪಟ್ಟಿಗಳು ಆಗಾಗ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ವಿಯೆನ್ನಾ, ಜ್ಯೂರಿಚ್, ಕೋಪನ್‌ಹೇಗನ್‌ಗಳ ಹೆಸರು ಮೇಲೆ, ಬಾಗ್ದಾದ್, ಡಮಾಸ್ಕಸ್‌ಗಳ ಹೆಸರು ತಳದಲ್ಲಿ, ಭಾರತದ ನಗರಗಳು ನಡುವಿಗಿಂತಲೂ ಕೆಳಗೆ ಇರುವುದನ್ನು ನೋಡಿದ ಓದುಗರು ಅದನ್ನು ಊರುಗಳ ಪರೀಕ್ಷೆಯ ಫಲಿತಾಂಶವೆಂಬಂತೆ ಒಪ್ಪಿಕೊಳ್ಳುತ್ತಾರೆ. ಆದರೆ ಈ ಪಟ್ಟಿಗಳ ಹಿಂದಿರುವುದು ತೀರ ವ್ಯಾವಹಾರಿಕವಾದ ಪ್ರಶ್ನೆ: ಒಂದು ಕಂಪನಿ ತನ್ನ ನೌಕರನನ್ನು ಕೆಲವು ವರ್ಷಗಳ ಮಟ್ಟಿಗೆ ಬೇರೆ ದೇಶದ ನಗರಕ್ಕೆ ಕಳಿಸುವಾಗ, ಅಲ್ಲಿ ಅವನಿಗೂ ಅವನ ಕುಟುಂಬಕ್ಕೂ ಆಗುವ ತೊಂದರೆಗಾಗಿ ಸಂಬಳದ ಮೇಲೆ ಎಷ್ಟು ಹೆಚ್ಚುವರಿ ಹಣ ಕೊಡಬೇಕು? ಈ ಹೆಚ್ಚುವರಿಯನ್ನು ಉದ್ಯೋಗ ವಲಯದಲ್ಲಿ ಹಾರ್ಡ್‌ಶಿಪ್ ಅಲೋವನ್ಸ್ ಎನ್ನುತ್ತಾರೆ. ಕಷ್ಟಭತ್ಯೆ ಎಂದು ಅದನ್ನು ಇಲ್ಲಿ ಕರೆಯಬಹುದು. ಪಟ್ಟಿಯಲ್ಲಿ ಊರು ಕೆಳಗಿಳಿದಷ್ಟೂ ಭತ್ಯೆ ಮೇಲೇರುತ್ತದೆ.

ಇಂತಹ ಪಟ್ಟಿಗಳಲ್ಲಿ ಎರಡು ಹೆಚ್ಚು ಪ್ರಸಿದ್ಧ. ಮೊದಲನೆಯದನ್ನು ಸಿದ್ಧಪಡಿಸುವುದು ಅಮೆರಿಕದ ಮರ್ಸರ್ ಎಂಬ ಸಲಹಾ ಸಂಸ್ಥೆ. ರಾಜಕೀಯ ಸ್ಥಿರತೆ, ಹಣ ವಿನಿಮಯದ ನಿಯಮ, ಆಸ್ಪತ್ರೆ, ಶಾಲೆ, ನೀರು ಮತ್ತು ಸಾರಿಗೆ, ಮನರಂಜನೆ, ಮನೆ, ಹವಾಮಾನ ಮುಂತಾದ 10 ವಿಭಾಗಗಳಲ್ಲಿ 39 ಅಂಶಗಳನ್ನು ಅದು ತೂಗುತ್ತದೆ. ನ್ಯೂಯಾರ್ಕ್ ನಗರಕ್ಕೆ 100 ಅಂಕ ಎಂದಿಟ್ಟುಕೊಂಡು ಉಳಿದ ಊರುಗಳನ್ನು ಅದರೊಂದಿಗೆ ಹೋಲಿಸುತ್ತದೆ. 2019ರಲ್ಲಿ ಅದು ಅಳೆದ 231 ನಗರಗಳಲ್ಲಿ ವಿಯೆನ್ನಾ ಮೊದಲನೆಯದಾಗಿತ್ತು, ಬಾಗ್ದಾದ್ ಕೊನೆಯದಾಗಿತ್ತು. 2024ರಲ್ಲಿ ಜ್ಯೂರಿಚ್ ಮೊದಲ ಸ್ಥಾನಕ್ಕೇರಿ ವಿಯೆನ್ನಾ ಎರಡನೆಯದಾಯಿತು. ಎರಡನೆಯ ಪಟ್ಟಿ ಲಂಡನ್ನಿನ ಎಕನಾಮಿಸ್ಟ್ ಇಂಟೆಲಿಜೆನ್ಸ್ ಯುನಿಟ್ ಸಂಸ್ಥೆಯದು. ಅದು ಸ್ಥಿರತೆಗೆ ಶೇ 25, ಸಂಸ್ಕೃತಿ ಮತ್ತು ಪರಿಸರಕ್ಕೆ ಶೇ 25, ಆರೋಗ್ಯ ಸೇವೆಗೆ ಶೇ 20, ಮೂಲಸೌಕರ್ಯಕ್ಕೆ ಶೇ 20, ಶಿಕ್ಷಣಕ್ಕೆ ಶೇ 10 ತೂಕ ಕೊಟ್ಟು ನೂರಕ್ಕೆ ಇಷ್ಟೆಂದು ಅಂಕ ಹಾಕುತ್ತದೆ. ಈ ಸಂಸ್ಥೆ ಅಂಕದ ಜೊತೆಗೇ ಭತ್ಯೆಯ ಸಲಹೆಯನ್ನೂ ನೀಡಿದೆ: 80ಕ್ಕಿಂತ ಮೇಲಿನ ಅಂಕ ಪಡೆದ ಊರಿಗೆ ಹೋಗುವವನಿಗೆ ಭತ್ಯೆ ಬೇಡ, 70ರಿಂದ 80ರ ನಡುವಿದ್ದರೆ ಸಂಬಳದ ಶೇ 5, ನಂತರದ ಪ್ರತಿ ಹತ್ತು ಅಂಕ ಇಳಿದಂತೆ ಶೇ 10, ಶೇ 15, ಐವತ್ತಕ್ಕಿಂತ ಕೆಳಗಾದರೆ ಶೇ 20.

ಊರು ನೋಡಿ ಭತ್ಯೆ ಕಟ್ಟುವ ಈ ಕ್ರಮ ಹುಬ್ಬಳ್ಳಿಯವರಿಗೆ ಅಪರಿಚಿತವೇನಲ್ಲ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಈ ಊರಿನಲ್ಲಿ ಸಾವಿರಾರು ಮಂದಿ ಕೇಂದ್ರ ಸರಕಾರದ ನೌಕರರಿದ್ದಾರೆ. ಅವರ ಮನೆ ಬಾಡಿಗೆ ಭತ್ಯೆಗಾಗಿ ಸರಕಾರ ದೇಶದ ಊರುಗಳನ್ನು ಎಕ್ಸ್, ವೈ, ಝಡ್ ಎಂದು ಮೂರು ದರ್ಜೆ ಮಾಡಿದೆ. ಬೆಂಗಳೂರು ಎಕ್ಸ್, ಹುಬ್ಬಳ್ಳಿ-ಧಾರವಾಡ ವೈ. ತುಟ್ಟಿಭತ್ಯೆ ಶೇ 50 ಮುಟ್ಟಿದ ಮೇಲೆ, ಅಂದರೆ 2024ರಿಂದ, ಮೂಲ ವೇತನದ ಮೇಲೆ ಈ ಮೂರು ದರ್ಜೆಗಳಿಗೆ ಕ್ರಮವಾಗಿ ಶೇ 30, 20, 10ರಷ್ಟು ಬಾಡಿಗೆ ಭತ್ಯೆ ಸಿಗುತ್ತದೆ. ಇಲ್ಲಿ ಅಳತೆಗೋಲು ಜನಸಂಖ್ಯೆಯೊಂದೇ ಆದ್ದರಿಂದ ಲೆಕ್ಕ ಒರಟು, ಆದರೆ ಅದು ತನ್ನನ್ನು ಬದುಕಿನ ಗುಣಮಟ್ಟದ ಅಳತೆಯೆಂದು ಹೇಳಿಕೊಳ್ಳುವುದಿಲ್ಲ. ಅಷ್ಟರ ಮಟ್ಟಿಗೆ ಅದು ಹೆಚ್ಚು ಪ್ರಾಮಾಣಿಕವೆಂದೇ ಹೇಳಬೇಕು.

ಪರದೇಶದಿಂದ ಬಂದ ನೌಕರನ ಅನುಕೂಲ ನೋಡಿ ಊರು ಕಟ್ಟಿದ ಕಾಲವೊಂದು ಇಲ್ಲಿಯೂ ಇತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ತನ್ನ ಕಾರ್ಯಾಗಾರವನ್ನು ಹುಬ್ಬಳ್ಳಿಯಲ್ಲಿಟ್ಟು, ಕೇಂದ್ರ ಕಚೇರಿಯನ್ನು ಮಲೆನಾಡಿನ ಸೆರಗಿನಲ್ಲಿರುವ, ಹವೆ ತಂಪಾದ ಧಾರವಾಡದಲ್ಲಿ ಇಟ್ಟಿತು. ಆ ಕಚೇರಿಯ ಕಟ್ಟಡವೇ ಮುಂದೆ ಕರ್ನಾಟಕ ಕಾಲೇಜಾಯಿತು.

ಪಟ್ಟಿಗಳ ಮನಸ್ಸಿನಲ್ಲಿರುವ ನೌಕರ ಯಾರು ಎಂಬುದು ಅವು ಕೇಳುವ ಪ್ರಶ್ನೆಗಳಿಂದಲೇ ತಿಳಿಯುತ್ತದೆ. ಎಕನಾಮಿಸ್ಟ್ ಸಂಸ್ಥೆಯ ಶಿಕ್ಷಣದ ವಿಭಾಗದಲ್ಲಿ ಮೂರು ಅಂಶಗಳಿದ್ದು, ಅವುಗಳಲ್ಲಿ ಎರಡು ಖಾಸಗಿ ಶಾಲೆಗಳಿಗೆ ಸಂಬಂಧಿಸಿದವು: ಅವು ಸಿಗುತ್ತವೆಯೇ, ಅವುಗಳ ಮಟ್ಟ ಹೇಗಿದೆ. ಪರಿಸರದ ವಿಭಾಗದಲ್ಲಿ ಶೆಕೆ ಮತ್ತು ತೇವಾಂಶಕ್ಕೆ ಒಂದು ಅಂಕವಿದ್ದರೆ, ಆ ಹವೆಯಿಂದ ಹೊರಗಿನವರಿಗೆ ಆಗುವ ಅಸೌಖ್ಯಕ್ಕೆ ಇನ್ನೊಂದು ಅಂಕವಿದೆ. ಹೀಗೆ ತಂಪು ದೇಶದಿಂದ ಹೆಂಡತಿ ಮಕ್ಕಳೊಂದಿಗೆ ಬಂದು, ಮಕ್ಕಳನ್ನು ಇಂಟರ್‌ನ್ಯಾಷನಲ್ ಶಾಲೆಗೆ ಕಳಿಸಿ, ಕಂಪನಿ ಕೊಡಿಸಿದ ಮನೆಯಲ್ಲಿ ವಾಸಿಸಿ, ಅವಧಿ ಮುಗಿದ ಮೇಲೆ ಹಿಂತಿರುಗುವ ಅಧಿಕಾರಿಯೊಬ್ಬನ ಚಿತ್ರ ಅಂಕಗಳ ಹಿಂದೆ ನಿಂತಿದೆ. ಏಪ್ರಿಲ್ ತಿಂಗಳ ಬಿಸಿಲನ್ನು ಹುಟ್ಟಿನಿಂದ ಕಂಡವರಿಗೆ ಆ ಎರಡನೆಯ ಅಂಕ ಅನ್ವಯಿಸುವುದೇ ಇಲ್ಲ. ಅವರಿಗೆ ಟೊರಾಂಟೊದ ಜನವರಿ ಕಷ್ಟ.

ಅಳೆಯುವ ಕಣ್ಣು ಬದಲಾದರೆ ಫಲಿತಾಂಶ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಬೆಂಗಳೂರಿಗಿಂತ ಬೇರೆ ಉದಾಹರಣೆ ಬೇಕಿಲ್ಲ. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2021ರ ಮಾರ್ಚ್‌ನಲ್ಲಿ ಪ್ರಕಟಿಸಿದ ಸುಲಲಿತ ಜೀವನ ಸೂಚ್ಯಂಕದಲ್ಲಿ, ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳ ಪೈಕಿ ಬೆಂಗಳೂರು ದೇಶಕ್ಕೇ ಮೊದಲನೆಯದು. ಚಿಕ್ಕ ನಗರಗಳ ಪಟ್ಟಿಯಲ್ಲಿ ದಾವಣಗೆರೆ ಒಂಬತ್ತನೆಯದು. ಮರುವರ್ಷ ಎಕನಾಮಿಸ್ಟ್ ಸಂಸ್ಥೆಯ ಪಟ್ಟಿಗೆ ಹೊಸದಾಗಿ ಸೇರಿದ ಬೆಂಗಳೂರು, ಅದರಲ್ಲಿದ್ದ ಭಾರತದ ಐದು ನಗರಗಳಲ್ಲಿ ಕೊನೆಯದಾಯಿತು. ಮರ್ಸರ್ ಸಂಸ್ಥೆಯ 2019ರ ಪಟ್ಟಿಯಲ್ಲಿ ಅದು 149ನೆಯದು, ಹೈದರಾಬಾದ್ ಮತ್ತು ಪುಣೆ 143ನೆಯವು. ಸಚಿವಾಲಯದ ಸೂಚ್ಯಂಕದಲ್ಲಿ ಶೇ 15 ಅಂಕ ನಗರದ ಆರ್ಥಿಕ ಶಕ್ತಿಗೆ, ಶೇ 30 ಅಂಕ ಊರಿನ ಜನರೇ ಹೇಳಿದ ಅಭಿಪ್ರಾಯಕ್ಕೆ ಮೀಸಲಾಗಿತ್ತು. ಒಂದೆಡೆ ಕೆಲಸ ಹುಡುಕಿಕೊಂಡು ಬಂದವನ ಊರು ಗೆದ್ದಿತು, ಇನ್ನೊಂದೆಡೆ ರಸ್ತೆಯಲ್ಲಿ ಸಿಕ್ಕಿಬಿದ್ದವನ ಊರು ಸೋತಿತು. ಎರಡೂ ಒಂದೇ ಊರು.

ಹುಬ್ಬಳ್ಳಿ-ಧಾರವಾಡ ಈ ಜಾಗತಿಕ ಪಟ್ಟಿಗಳಲ್ಲಿ ಇಲ್ಲ. ಆದರೆ ಊರಿಗೆ ಒಂದೇ ಅಂಕ ಕೊಡುವುದರಲ್ಲಿ ಎಷ್ಟು ಸಂಗತಿ ಮುಚ್ಚಿಹೋಗುತ್ತದೆ ಎಂಬುದಕ್ಕೆ ಅವಳಿ ನಗರದ ನೀರಿನ ಕಥೆಯಷ್ಟು ಸ್ಪಷ್ಟವಾದ ದಾಖಲೆ ಬೇರೆ ಕಡೆ ಸಿಗುವುದು ಕಷ್ಟ. ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ನಗರಗಳ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೆ ದಿನದ 24 ಗಂಟೆಯೂ ನಳದಲ್ಲಿ ನೀರು ಬರತೊಡಗಿತು. ಅವಳಿ ನಗರದಲ್ಲಿ ಇದರ ಲಾಭ ಪಡೆದವರು ಹತ್ತರಲ್ಲೊಂದು ಪಾಲು. ಉಳಿದವರಿಗೆ ಹಲವು ದಿನಗಳಿಗೊಮ್ಮೆ, ಕೆಲವು ತಾಸು ಮಾತ್ರ ನೀರು. ವಾಲ್ವ್‌ಮನ್ ಯಾವ ಹೊತ್ತಿಗೆ ಬಂದು ಕೀಲಿ ತಿರುಗಿಸುತ್ತಾನೋ ಎಂದು ಕಾಯುವುದು, ಬಂದೊಡನೆ ಬ್ಯಾರಲ್ಲು, ಕೊಡ, ಬಕೆಟ್ಟು, ಹಂಡೆಗಳನ್ನು ಸಾಲಾಗಿ ತುಂಬಿಸುವುದು, ಸ್ಥಿತಿವಂತರಾದರೆ ಸಂಪಿನಿಂದ ಮಾಳಿಗೆಯ ಮೇಲಿನ ಟ್ಯಾಂಕಿಗೆ ಪಂಪ್ ಹಚ್ಚುವುದು, ಇವೆಲ್ಲ ಉತ್ತರ ಕರ್ನಾಟಕದ ಊರುಗಳ ದಿನಚರಿಯನ್ನೇ ರೂಪಿಸಿವೆ. ನೀರು ಬರುವ ದಿನ ಮನೆಯಲ್ಲಿ ಒಬ್ಬರಾದರೂ ಇರಲೇಬೇಕು; ಆ ಒಬ್ಬರು ಬಹುತೇಕ ಹೆಂಗಸರೇ ಆಗಿರುತ್ತಾರೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಕೇಂದ್ರದ ಸಂಶೋಧಕರು ಈ ಎರಡು ಬಗೆಯ ವಾರ್ಡುಗಳನ್ನು ಅಕ್ಕಪಕ್ಕ ಇಟ್ಟು ಅಧ್ಯಯನ ಮಾಡಿದರು. ನಿರಂತರ ನೀರು ಬರುವ ನಳಗಳಿಂದ ಹಿಡಿದ ಮಾದರಿಗಳಲ್ಲಿ ಮಲಮೂಲದ ಕಲ್ಮಶವನ್ನು ಸೂಚಿಸುವ ಇ-ಕೊಲೈ ಎಂಬ ಬ್ಯಾಕ್ಟೀರಿಯಾ ಕಂಡದ್ದು ಶೇ 1ಕ್ಕೂ ಕಡಿಮೆ ಕಡೆ. ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಸುಮಾರು ಶೇ 32ರಷ್ಟು ಕಡೆ. ಕೊಳವೆ ಖಾಲಿಯಾಗಿ ಒತ್ತಡ ಇಳಿದಾಗ, ಪಕ್ಕದ ಗಟಾರಿನ ನೀರು ಸಂದುಗಳಿಂದ ಒಳಗೆ ಜಿನುಗುವುದು ಇದರ ಮುಖ್ಯ ಕಾರಣಗಳಲ್ಲಿ ಒಂದು. 2015ರಲ್ಲಿ ಪ್ರಕಟವಾದ ಇನ್ನೊಂದು ವರದಿಯಂತೆ, ನಿರಂತರ ನೀರಿನ ವಾರ್ಡುಗಳಲ್ಲಿ ವಿಷಮಶೀತಜ್ವರ ತಗಲಿದ ಮನೆಗಳು ಕಡಿಮೆ ಇದ್ದವು, ಆದರೆ ಚಿಕ್ಕ ಮಕ್ಕಳ ಸಾಮಾನ್ಯ ಭೇದಿಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಜಾಗತಿಕ ಪಟ್ಟಿಯ ನೀರಿನ ಖಾನೆಯಲ್ಲಿ ಒಂದೇ ಅಂಕ ತುಂಬಬೇಕಾದವರು ಇಂತಹ ಊರಿಗೆ ಯಾವುದನ್ನು ತುಂಬಬೇಕು? ಪಟ್ಟಿ ಮಾಡುವವರಿಗೆ ಇದು ತೊಡಕೆನಿಸುವುದಿಲ್ಲ, ಏಕೆಂದರೆ ಕಂಪನಿಯ ಅಧಿಕಾರಿ ಎಂತಹ ಬಡಾವಣೆಯಲ್ಲಿ ಮನೆ ಹಿಡಿಯುತ್ತಾನೆ ಎಂಬುದು ಅವರಿಗೆ ಮೊದಲೇ ಗೊತ್ತಿರುತ್ತದೆ. ಹುಬ್ಬಳ್ಳಿಯ ಕಮರಿಪೇಟೆಯಂತಹ ಹಳೆಯ ಪೇಟೆ, ಅಲ್ಲಿನ ಇಕ್ಕಟ್ಟಾದ ಓಣಿ, ಒಂದಕ್ಕೊಂದು ಅಂಟಿದ ಗೋಡೆಗಳ ಮನೆ ಅವನ ಊರಿನೊಳಗೆ ಬರುವುದೇ ಇಲ್ಲ.

ವಿಯೆನ್ನಾ ಇಷ್ಟು ವರ್ಷ ಮೇಲೆ ನಿಂತದ್ದರ ಗುಟ್ಟು ಸಹ ಇದೇ ಜಾಗದಲ್ಲಿದೆ. ಆಲ್ಪ್ಸ್ ಬೆಟ್ಟಗಳ ಊಟೆಗಳಿಂದ ಆ ನಗರಕ್ಕೆ ನೀರು ತರುವ ಮೊದಲ ಕೊಳವೆ ಮಾರ್ಗ 1873ರಲ್ಲಿ, ಎರಡನೆಯದು 1910ರಲ್ಲಿ ತೆರೆಯಿತು. ಊರಿನ ಸುಮಾರು ಅರ್ಧದಷ್ಟು ಜನ ನಗರಾಡಳಿತದ ಅಥವಾ ಸರಕಾರಿ ನೆರವಿನ ಮನೆಗಳಲ್ಲಿ ಮಿತವಾದ ಬಾಡಿಗೆಗೆ ವಾಸಿಸುತ್ತಾರೆ. ಅಲ್ಲಿಯ ಟ್ರಾಮ್ ಚಾಲಕನಿಗೂ ಪರದೇಶದ ಮ್ಯಾನೇಜರನಿಗೂ ನಳದಲ್ಲಿ ಬರುವುದು ಅದೇ ಬೆಟ್ಟದ ನೀರು. ಅಲ್ಲಿ ಒಂದು ಅಂಕ ಇಡೀ ಊರಿಗೆ ಹೊಂದುತ್ತದೆ. ಅಸಮಾನತೆ ಹೆಚ್ಚಿದ ಊರುಗಳಲ್ಲಿ ಅದೇ ಅಂಕ ಸುಳ್ಳಾಗುತ್ತದೆ.

ಜ್ಯೂರಿಚ್‌ನದು ಇನ್ನೊಂದು ಬಗೆ. ಊರಿನ ತುಂಬ ಸಾವಿರಕ್ಕೂ ಮಿಕ್ಕಿ ಕಾರಂಜಿಗಳಿದ್ದು, ಅವುಗಳ ನೀರನ್ನು ಬೊಗಸೆಯೊಡ್ಡಿ ಕುಡಿಯಬಹುದು. ಆದರೆ ಹುಬ್ಬಳ್ಳಿಯ ವಿದ್ಯಾನಗರದ ಕಾಲೇಜಿನಲ್ಲಿ ಓದಿದ ಎಂಜಿನಿಯರ್ ಅಲ್ಲಿಗೆ ಹೋಗಬೇಕಾದರೆ, ಯುರೋಪಿನ ಹೊರಗಿನ ಕೆಲಸಗಾರರಿಗಾಗಿ ಇಡೀ ಸ್ವಿಟ್ಜರ್‌ಲೆಂಡ್ ಇತ್ತೀಚಿನ ವರ್ಷಗಳಲ್ಲಿ ತೆಗೆದಿಡುತ್ತಿರುವ 8,500 ಪರವಾನಗಿಗಳಲ್ಲಿ ಒಂದು ಅವನಿಗೆ ಸಿಗಬೇಕು. ತಲುಪಿದ ಮೂರು ತಿಂಗಳೊಳಗೆ ಮನೆಯ ಪ್ರತಿಯೊಬ್ಬರಿಗೂ ಆರೋಗ್ಯ ವಿಮೆ ಮಾಡಿಸಬೇಕು. ಅದರ ಕಂತನ್ನು ಬಹುಪಾಲು ನೌಕರನೇ ಕಟ್ಟಬೇಕು. ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಬಟ್ಟೆ ಒಗೆಯುವ ಯಂತ್ರ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದೋ ಎರಡೋ ಇದ್ದು, ಯಾವ ಮನೆಗೆ ಯಾವ ದಿನ ಎಂಬ ಸರದಿಪಟ್ಟಿ ಗೋಡೆಯ ಮೇಲೆ ತೂಗುತ್ತಿರುತ್ತದೆ. ನಳದ ಪಾಳಿಗೆ ಒಗ್ಗಿಕೊಂಡ ಹುಬ್ಬಳ್ಳಿಯವರಿಗೆ ಆ ಶಿಸ್ತು ಹೊಸದೆನಿಸಲಿಕ್ಕಿಲ್ಲ. ಜೀವನವೆಚ್ಚದ ಪಟ್ಟಿಯನ್ನೂ ಮರ್ಸರ್ ಬೇರೆಯಾಗಿ ಪ್ರಕಟಿಸುತ್ತದೆ, ಮತ್ತು ಅದರಲ್ಲಿಯೂ 2024ರಲ್ಲಿ ಹಾಂಗ್‌ಕಾಂಗ್, ಸಿಂಗಪುರಗಳ ನಂತರ ಮೂರನೆಯ ಸ್ಥಾನ ಜ್ಯೂರಿಚ್‌ನದೇ. ಎರಡು ಪಟ್ಟಿಗಳನ್ನು ಜೋಡಿಸಿ ಓದದೆ ಸಂಬಳದ ಅಂಕಿ ನೋಡಿ ಹಿಗ್ಗಿದವರು ಮೊದಲ ತಿಂಗಳ ಬಾಡಿಗೆ ಕಟ್ಟುವಾಗ ಪೇಚಾಡುತ್ತಾರೆ.

ಕನ್ನಡಿಗರ ಮಟ್ಟಿಗೆ ಪರದೇಶದ ನೌಕರಿಯೆಂದರೆ ಬಹುಕಾಲ ಕೊಲ್ಲಿ ದೇಶಗಳೇ ಆಗಿದ್ದವು. ಮಂಗಳೂರು, ಉಡುಪಿ, ಭಟ್ಕಳಗಳ ಎಷ್ಟೋ ಮನೆಗಳು ಆ ದುಡಿಮೆಯಿಂದಲೇ ಎದ್ದವು. ಮರ್ಸರ್ ಪಟ್ಟಿಯಲ್ಲಿ ದುಬೈ 2019ರಲ್ಲಿ 74ನೆಯದಾಗಿ, ಮಧ್ಯಪ್ರಾಚ್ಯಕ್ಕೆಲ್ಲ ಮೊದಲನೆಯದಾಗಿತ್ತು. ಆ ಅಂಕ ಎತ್ತರದ ಕಟ್ಟಡದೊಳಗಿನ ಫ್ಲ್ಯಾಟಿನದು, ಆ ಕಟ್ಟಡ ಕಟ್ಟಿದವರದಲ್ಲ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಕುಟುಂಬವನ್ನು ಕರೆಸಿಕೊಳ್ಳಬೇಕಾದರೆ ತಿಂಗಳಿಗೆ ಕನಿಷ್ಠ 4,000 ದಿರಂ ಸಂಬಳ, ಅಥವಾ 3,000 ದಿರಂ ಜೊತೆಗೆ ವಸತಿ ಇರಬೇಕೆಂಬ ನಿಯಮವಿದೆ. ಅದಕ್ಕಿಂತ ಕಡಿಮೆ ದುಡಿಯುವವರು ಲೇಬರ್ ಕ್ಯಾಂಪಿನ ಕೋಣೆಗಳಲ್ಲಿ ಹಲವರ ನಡುವೆ ಒಂಟಿಯಾಗಿ ವರ್ಷಗಳನ್ನು ಕಳೆಯುತ್ತಾರೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಯಲಿನಲ್ಲಿ ಕೆಲಸ ಮಾಡಿಸಕೂಡದೆಂಬ ಕಾನೂನು ಅಲ್ಲಿದೆ; ಇಂತಹ ಕಾನೂನು ಬೇಕಾಗಿ ಬಂದುದೇ ಕಷ್ಟದ ಪ್ರಮಾಣವನ್ನು ಹೇಳುತ್ತದೆ. ಹತ್ತನೆಯ ತರಗತಿ ಪಾಸಾಗದವರು ಈ ದೇಶಗಳಿಗೆ ಕೆಲಸಕ್ಕೆ ಹೋಗುವಾಗ 1983ರ ವಲಸೆ ಕಾಯ್ದೆಯ ಪ್ರಕಾರ ಸರಕಾರದ ಅನುಮತಿ ಪಡೆಯಬೇಕು. ಕಡಿಮೆ ಓದಿದವರು ಮೋಸಹೋಗದಿರಲೆಂಬುದು ಅದರ ಉದ್ದೇಶ. ಕಷ್ಟ ಹೆಚ್ಚು ಇರುವವರಿಗೆ ಕಷ್ಟಭತ್ಯೆ ಎಂಬುದೇ ಇಲ್ಲದಿರುವುದು ಈ ಇಡೀ ವ್ಯವಸ್ಥೆಯ ದೊಡ್ಡ ವಿಪರ್ಯಾಸ.

ಹಾಗೆಂದು ಪಟ್ಟಿಗಳು ನಿಷ್ಪ್ರಯೋಜಕವಲ್ಲ. ಒಂದು ಊರಿನ ಗಾಳಿ, ಅಪರಾಧ, ಆಸ್ಪತ್ರೆಗಳ ಸ್ಥಿತಿಯನ್ನು ಒಟ್ಟಿಗೆ ನೋಡಲು ಅವು ನೆರವಾಗುತ್ತವೆ. ಕಂಪನಿಯೊಂದಿಗೆ ಭತ್ಯೆಯ ಮಾತಾಡುವಾಗ ಕೈಯಲ್ಲಿ ಆಧಾರವಿರುತ್ತದೆ. ಆದರೆ ಇಲ್ಲಿಯ ಕುಟುಂಬವೊಂದು ಹೊರಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಅವುಗಳ ಆಚೆಗಿವೆ. ಮೊದಲನೆಯದು ಹೆಂಡತಿಯ ಅಥವಾ ಗಂಡನ ಕೆಲಸದ್ದು. ಅಮೆರಿಕದ ಎಚ್-1ಬಿ ವೀಸಾ ಪಡೆದವರ ಸಂಗಾತಿಗೆ ಸಾಮಾನ್ಯವಾಗಿ ದುಡಿಯುವ ಹಕ್ಕಿಲ್ಲ. ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿದವರ ಸಂಗಾತಿಗಳಿಗೆ ಮಾತ್ರ 2015ರಿಂದ ಅವಕಾಶ ಸಿಕ್ಕಿದೆ. ಇಲ್ಲಿ ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ನೌಕರಿಯಲ್ಲಿದ್ದ ಹೆಣ್ಣುಮಗಳು ಅಲ್ಲಿ ಮನೆಯಲ್ಲಿ ಕುಳಿತರೆ, ಆ ನಷ್ಟ ಯಾವ ಸೂಚ್ಯಂಕದಲ್ಲಿಯೂ ಇಳಿಯುವುದಿಲ್ಲ. ಎರಡನೆಯದು ನಿವೃತ್ತಿಯ ಉಳಿತಾಯದ್ದು. ಜರ್ಮನಿ, ಸ್ವಿಟ್ಜರ್‌ಲೆಂಡ್, ಆಸ್ಟ್ರಿಯಾ, ಕೆನಡಾ, ಜಪಾನ್ ಮುಂತಾದ ದೇಶಗಳೊಂದಿಗೆ ಭಾರತ ಸಾಮಾಜಿಕ ಭದ್ರತಾ ಒಪ್ಪಂದ ಮಾಡಿಕೊಂಡಿದೆ. ಕಂಪನಿಯೇ ಅಲ್ಲಿಗೆ ಕಳಿಸಿದ ನೌಕರ ಭವಿಷ್ಯ ನಿಧಿ ಸಂಸ್ಥೆಯಿಂದ ಪ್ರಮಾಣಪತ್ರ ಪಡೆದರೆ, ಎರಡೂ ದೇಶಗಳಲ್ಲಿ ವಂತಿಗೆ ಕಟ್ಟುವ ಹೊರೆ ತಪ್ಪುತ್ತದೆ. ಅಮೆರಿಕದೊಂದಿಗೆ ಅಂತಹ ಒಪ್ಪಂದ ಇನ್ನೂ ಆಗಿಲ್ಲವಾದ್ದರಿಂದ ಅಲ್ಲಿ ಕಟ್ಟಿದ ಹಣ, ಕೆಲವೇ ವರ್ಷ ದುಡಿದು ಮರಳುವವರ ಪಾಲಿಗೆ, ಹೆಚ್ಚಾಗಿ ಹೋದ ಹಾಗೆಯೇ.

ಮೂರನೆಯದು ವಯಸ್ಸಾದ ತಂದೆತಾಯಿಯರದು. ಪಟ್ಟಿಗಳ ಅಧಿಕಾರಿಗೆ ಹೆಂಡತಿ ಮಕ್ಕಳಿದ್ದಾರೆ, ಅಪ್ಪ ಅವ್ವ ಇಲ್ಲ. ಹುಬ್ಬಳ್ಳಿಯ ಮನೆಗಳಲ್ಲಿ ಮೊದಲು ಏಳುವ ಮಾತೇ ಅವರದು. ಅಮೆರಿಕಕ್ಕೆ ಸಂದರ್ಶಕರಾಗಿ ಹೋದ ತಂದೆತಾಯಿಗೆ ಸಾಮಾನ್ಯವಾಗಿ ಒಮ್ಮೆಗೆ ಆರು ತಿಂಗಳು ಉಳಿಯುವ ಅನುಮತಿ ದೊರೆಯುತ್ತದೆ. ಕೆನಡಾದ ಸೂಪರ್ ವೀಸಾದಲ್ಲಿ 2022ರಿಂದ ಒಂದೇ ಸಲಕ್ಕೆ ಐದು ವರ್ಷದವರೆಗೆ ಇರಬಹುದು. ಆದರೆ ಅದಕ್ಕೆ ಮಕ್ಕಳು ಅಲ್ಲಿಯ ಪೌರರೋ ಕಾಯಂ ನಿವಾಸಿಗಳೋ ಆಗಿರಬೇಕು, ನಿಗದಿತ ಆದಾಯ ತೋರಿಸಬೇಕು, ಮತ್ತು ಕನಿಷ್ಠ ಒಂದು ಲಕ್ಷ ಕೆನಡಾ ಡಾಲರ್ ಮೊತ್ತದ ಆರೋಗ್ಯ ವಿಮೆಯನ್ನು ಒಂದು ವರ್ಷಕ್ಕೆ ಕೊಂಡಿರಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಎಪ್ಪತ್ತರ ಹಿರಿಯರಿಗೆ ಆ ವಿಮೆಯ ಕಂತು ಎಷ್ಟಾಗುತ್ತದೆ ಎಂದು ವಿಚಾರಿಸಿಕೊಂಡ ಮೇಲೆಯೇ ಎಷ್ಟೋ ಮನೆಗಳಲ್ಲಿ ಟೊರಾಂಟೊ ಲೇಸೋ ಬೆಂಗಳೂರು ಲೇಸೋ ಎಂಬುದು ತೀರ್ಮಾನವಾಗುತ್ತದೆ.